ಸವೆದ ಸೀರೆಗಳ ಎರಡು ಗೋಣಿ

ಪಾಣೆಮಂಗಳೂರು,
ಬುಧವಾರ

ಚಿರಂಜೀವಿ ತಮ್ಮ ಜಿನೇಶನಿಗೆ ಅಕ್ಕನ ಆಶೀರ್ವಾದ.

ಟ್ರಸ್ಟಿನ ಲೆಟರ್‌ಹೆಡ್‌ನಲ್ಲಿ ಅಧ್ಯಕ್ಷನಾಗಿ ನೀನು ಬರೆದ ಪತ್ರ ತಲುಪಿತು. ಒಡಹುಟ್ಟಿದವಳನ್ನು ‘ಮಾನ್ಯರೇ’ ಎಂದು ಕರೆದದ್ದನ್ನೂ ಓದಿದೆ.

ಹೌದು, ಮೆಲ್ಕಾರಿನ ನಿಮ್ಮ ಟ್ರಸ್ಟಿನ ಹಳೆ ಬಟ್ಟೆಯ ಅಂಗಡಿಯಿಂದ ಎರಡು ಗೋಣಿ ಸೀರೆಗಳನ್ನು ನಿನ್ನನ್ನು ಕೇಳದೆ ತಂದವಳು ನಾನೇ. ಅವು ಹಿತ್ತಲಲ್ಲಿ ಕಸದ ಪಕ್ಕ ಇದ್ದವು. “ಅದನ್ನು ಯಾರೂ ತೆಗೊಳ್ಳುವುದಿಲ್ಲ ಅಮ್ಮ, ಬೆಂಕಿಗೆ ಹಾಕ್ಲಿಕ್ಕೆ ಇಟ್ಟದ್ದು. ನಿಮಗೆ ಯಾಕೆ ಸುಮ್ಮನೆ ಮಂಡೆಬಿಸಿ?” ಎಂದ ನಿನ್ನ ಮ್ಯಾನೇಜರ್. ಜನರು ಬಡವರಿಗೆಂದು ಕೊಟ್ಟದ್ದನ್ನು ಸುಡುವ ಹಕ್ಕು ನಿಮಗೆ ಯಾರು ಕೊಟ್ಟರು?

ಅವು ಸವೆದು ಮೆತ್ತಗಾದ ನೂಲಿನ ಸೀರೆಗಳು. ನಮ್ಮಲ್ಲಿ ಆಗ ತಾನೇ ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಸುತ್ತುತ್ತಾರೆಯೇ? ನಾನು ಅವನ್ನು ಕುದಿಸಿ, ಒಗೆದು, ಒಣಗಿಸಿ ಕತ್ತರಿಸುತ್ತಿದ್ದೇನೆ. ಪಕ್ಕದ ಮನೆಯ ಹಫ್ಸ ಅಂಚು ಹೊಲಿಯುತ್ತಾಳೆ. ಮೊನ್ನೆ ಸರಕಾರಿ ಆಸ್ಪತ್ರೆಯ ಬಾಣಂತಿಯರಿಗೆ ಕೊಟ್ಟು ಬಂದೆವು. ಯಾರೂ ಬೇಡ ಎನ್ನಲಿಲ್ಲ.

ಗೋಣಿಗಳನ್ನು ವಾಪಸು ಕೊಡುವುದಿಲ್ಲ. ಅದಕ್ಕಾಗಿ ಟ್ರಸ್ಟಿನ ಸಮಿತಿಯಿಂದ ನನ್ನ ಹೆಸರು ತೆಗೆಯುವುದಾದರೆ ತೆಗೆ. ಆದರೆ ಇನ್ನು ಮುಂದೆ ಮಾರಾಟವಾಗದ ನೂಲಿನ ಸೀರೆಗಳನ್ನು ಪ್ರತಿ ಶನಿವಾರ ನನ್ನ ಮನೆಗೆ ಕಳುಹಿಸು.

ನೀನು ಹುಟ್ಟಿದಾಗ ಅಮ್ಮನ ಹರಿದ ಸೀರೆಯ ತುಂಡಿನಲ್ಲಿ ನಿನ್ನನ್ನು ಸುತ್ತಿ ಎತ್ತಿಕೊಂಡವಳು ನಾನು. ಆಗ ನನಗೆ ಹನ್ನೊಂದು ವರ್ಷ. ಆ ಸೀರೆಯೂ ನಿಮ್ಮ ಅಂಗಡಿಯಲ್ಲಿ ಮಾರಾಟವಾಗುತ್ತಿರಲಿಲ್ಲ.

ಮಾತಾಡುವುದಿದ್ದರೆ ಪತ್ರ ಬೇಡ, ನೀನೇ ಬಾ. ಹೊತ್ತು ಮುಳುಗುವ ಮೊದಲು ಬಂದರೆ ಊಟ ಉಂಟು. ಬರುವಾಗ ಒಂದು ಹರಿತವಾದ ಕತ್ತರಿ ತಾ. ನನ್ನದು ಮೊಂಡಾಗಿದೆ.

ನಿನ್ನ ಅಕ್ಕ,
ಗುಣವತಿ