ಬಂಡಳ್ಳಿಯವರು ಹೊಳೆ ದಾಟಿದ್ದು

ನಡುಗಡ್ಡೆ, ಕೊಳ್ಳೇಗಾಲ ತಾಲ್ಲೂಕು
೨೪-೬-೧೯೯೨

ಯಳಂದೂರಿನ ನನ್ನ ದೀಪಕ್ಕನಿಗೆ,

ರೂಪಳ ನಮಸ್ಕಾರಗಳು. ಭಾವನಿಗೂ ತಿಳಿಸು. ನಾವೆಲ್ಲ ಚೆನ್ನಾಗಿದ್ದೀವಿ. ಈ ಸಲ ರೇಷ್ಮೆಹುಳ ಒಂದೂ ಕೆಡದೆ ಹಣ್ಣಾಗಿ ಗೂಡು ಕಟ್ಟಿದವು. ನಿನ್ನ ಕಾಗದ ಬಂದು ತಿಂಗಳಾಗುತ್ತಾ ಬಂತು, ಉತ್ತರ ಬರೆಯಲಿಲ್ಲ ಅಂತ ಬೇಜಾರು ಮಾಡಿಕೋಬೇಡ. ಬಂಡಳ್ಳಿ ಸಂಬಂಧ ಏನಾಯಿತು ಅಂತ ಕೇಳಿದ್ದೆ. ಅದು ಇತ್ಯರ್ಥವಾಗಿದ್ದೇ ಮೊನ್ನೆ. ಆಯಿತು ಕಣಕ್ಕ, ಶ್ರಾವಣದಲ್ಲಿ ಮದುವೆ. ಆಗಿದ್ದು ಹೇಗೆ ಅಂತ ಬರೀತೀನಿ.

ಹುಡುಗ ಶಂಕರನ ತಾಯಿ ರಂಗಮ್ಮ ಹೆಣ್ಣಿನ ಮನೆ ನೋಡಲೇಬೇಕು ಅಂತ ಹೇಳಿ ಕಳಿಸಿದ್ದರು. ಅಪ್ಪನಿಗೆ ಚಿಂತೆ ಹತ್ತಿತು. ಹಿಂದೆ ಒಂದು ಸಂಬಂಧದವರು ದಡದಲ್ಲಿ ತೆಪ್ಪ ನೋಡಿಯೇ ವಾಪಸ್ ಹೋಗಿದ್ದರಲ್ಲ. ಕೊಳ್ಳೇಗಾಲದಿಂದ ಬಸ್ಸಲ್ಲಿ ಬಂದರೆ ತೆಪ್ಪ ಹತ್ತಲೇಬೇಕು. ಸುತ್ತಿಕೊಂಡು ಆಚೆ ಕಡೆಯಿಂದ ಬಂದರೆ ಬೇಸಿಗೆಯಲ್ಲಿ ಹೊಳೆಯ ಸಣ್ಣ ಕವಲಿನಲ್ಲಿ ಪಾದ ಮುಳುಗುವಷ್ಟೇ ನೀರು, ಜೀಪು ಬರುತ್ತೆ. "ಸುತ್ತಾದ್ರೂ ಆಗ್ಲಿ, ಜೀಪಲ್ಲೇ ಕರ್ಕಂಡ್ ಬತ್ತೀನಿ. ತೆಪ್ಪದ ಮಾತು ಯಾರೂ ಎತ್ಬ್ಯಾಡಿ" ಅಂದ ಅಪ್ಪ. "ಎಷ್ಟು ದಿನ ಮುಚ್ಚಿಡ್ತೀಯೆ?" ಅಂತ ಅವ್ವ ಕೇಳಿದಳು. ಅಪ್ಪ ಕೊಳ್ಳೇಗಾಲಕ್ಕೆ ಹೋಗಿ ಬಾಡಿಗೆ ಜೀಪು ಗೊತ್ತುಮಾಡಿ ಬಂದ.

ಶಂಕರ್, ಅವರ ತಾಯಿ, ಸೋದರಮಾವ ಚೆನ್ನಯ್ಯ ಮೂವರೂ ಬಂದರು. ಕವಲಿನಲ್ಲಿ ಜೀಪಿನ ಚಕ್ರ ಸರಿಯಾಗಿ ನೆನೆಯಲೂ ಇಲ್ಲ. ರಂಗಮ್ಮ ಹಿಪ್ಪುನೇರಳೆ ತೋಟ, ಹುಳದ ಮನೆ ಎಲ್ಲ ನೋಡಿ, ಎರಡು ಸಲ ಪಾಯಸ ಹಾಕಿಸಿಕೊಂಡರು. ಶಂಕರ್ ನನ್ನನ್ನು ಕೇಳಿದ್ದು ಒಂದೇ: ಎಷ್ಟನೇ ಕ್ಲಾಸಿಗೆ ಬಿಟ್ಟೆ ಅಂತ. ಹತ್ತು ಪಾಸು ಅಂದೆ. ನಕ್ಕರು. ಅಷ್ಟರಲ್ಲಿ ಜೀಪಿನ ಡ್ರೈವರ್ ಓಡಿ ಬಂದ. "ಸಾ, ನೀರು ಬಂದ್ಬುಟ್ಟದೆ" ಅಂದ.

ಮೇಲೆಲ್ಲೋ ಮಳೆಯಾಗಿತ್ತು. ಹೋಗಿ ನೋಡಿದರೆ ಕವಲಿನಲ್ಲಿ ಕೆಂಪು ನೀರು ಸೊಂಟದ ಮಟ್ಟಕ್ಕೆ ಹರೀತಿತ್ತು. ಜೀಪು ಇಲ್ಲೇ ಉಳಿಯಿತು. ಎಲ್ಲರನ್ನೂ ಈಚೆ ದಡಕ್ಕೆ, ತೆಪ್ಪದ ಹತ್ತಿರ ಕರೆದುಕೊಂಡು ಬಂದೆವು. ರಂಗಮ್ಮ ತೆಪ್ಪವನ್ನೂ ಅಪ್ಪನನ್ನೂ ನೋಡಿದರು.

"ಯಜಮಾನ್ರೇ, ನಿಮ್ಮೂರಿನ ದಾರಿ ಇದೇನಾ? ಮದ್ಲೇ ಏಳ್ಬೋದಾಗಿತ್ತು."

"ಏಳಿದ್ರೆ ನೀವು ಬತ್ತಿರ್ನಿಲ್ಲ ಕಣವ್ವ" ಅಂದ ಅಪ್ಪ. ಹುಟ್ಟು ಎತ್ತಿಕೊಂಡವನು ಮತ್ತೆ ಕೆಳಗಿಟ್ಟ. ಅದನ್ನು ತೆಗೆದುಕೊಂಡು ನಾನೇ ಸೆರಗು ಬಿಗಿದು ತೆಪ್ಪಕ್ಕೆ ಇಳಿದೆ. ನಿನ್ನ ಹಸಿರು ರೇಷ್ಮೆ ಸೀರೆ ಉಟ್ಟಿದ್ದೆ, ಅಂಚು ಕೆಸರಾಯಿತು. ಒಗೆದಿದ್ದೀನಿ, ಬೈಬೇಡ.

ನೀರಿನ ಸೆಳೆತ ಇತ್ತು. ಒಂದಷ್ಟು ದೂರ ಮೇಲಕ್ಕೆ ಹೋಗಿ, ಅಲ್ಲಿಂದ ಓರೆಯಾಗಿ ಬಿಟ್ಟೆ. ರಂಗಮ್ಮ ಕಣ್ಣು ಮುಚ್ಚಿ ನನ್ನ ಕಾಲು ಹಿಡಿದುಕೊಂಡು ಕೂತಿದ್ದರು, ಬೆರಳಿನ ಗುರುತು ಮೂಡುವಷ್ಟು ಗಟ್ಟಿಯಾಗಿ. "ಅತ್ತೆ, ಉಸಿರು ಬಿಡಿ" ಅಂದೆ. ಅತ್ತೆ ಅಂತ ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ. ಶಂಕರ್ ಪಾತ್ರೆಯಲ್ಲಿ ನೀರು ಎತ್ತಿ ಹೊರಗೆ ಹಾಕುತ್ತಿದ್ದರು. ದಡ ಸೇರಿದ ಮೇಲೆ ರಂಗಮ್ಮ ಹಿಂತಿರುಗಿಯೂ ನೋಡದೆ ಬಸ್ಸಿನ ಕಡೆ ನಡೆದರು. ಈ ಸಂಬಂಧವೂ ಹೋಯಿತು ಅಂದುಕೊಂಡೆವು.

ಮೊನ್ನೆ ಚೆನ್ನಯ್ಯ ಮಾವ ಒಬ್ಬರೇ ಬಂದರು, ತೆಪ್ಪದಲ್ಲೇ. "ನಮ್ಮಕ್ಕ ಒಪ್ಪವ್ಳೆ. ಹೊಳೇಲಿ ಕೈ ಬಿಡ್ದೋಳು ಮನೇಲಿ ಬಿಡ್ತಾಳಾ ಅಂತಾಳೆ. ಒಂದೇ ಒಂದು ಮಾತು, ನಿಮ್ ಮಗಳು ತವರಿಗೆ ಬರ್ಲಿ ಓಗ್ಲಿ, ಬಾಣಂತನ ಮಾತ್ರ ನಮ್ಮನೇಲೇ ಆಗ್ಬೇಕು" ಅಂದರು. ಚೊಚ್ಚಲ ಬಾಣಂತನ ತವರಲ್ಲಿ ಬೇಡ ಅಂದರೆ ಅಪ್ಪ ಸಿಟ್ಟಾಗಬಹುದು ಅಂದುಕೊಂಡಿದ್ದೆ. ಅವರು ಮಾತು ಮುಗಿಸೋ ಮೊದಲೇ ಅಪ್ಪ ಆಗಲಿ ಅಂದುಬಿಟ್ಟ. ಅವ್ವ ಎದ್ದು ಒಳಗೆ ಹೋದಳು.

ಮದುವೆ ಕೊಳ್ಳೇಗಾಲದ ಛತ್ರದಲ್ಲಿ. ನೀನು, ಭಾವ ನಾಲ್ಕು ದಿನ ಮುಂಚೆಯೇ ಅಲ್ಲಿಗೆ ಬರಬೇಕು. ಅಪ್ಪ ಅವ್ವನ ಆಶೀರ್ವಾದ ನಿಮ್ಮಿಬ್ಬರಿಗೂ. ಮೈ ಕಡೆ ನೋಡಿಕೋ.

ನಿನ್ನ ತಂಗಿ,
ರೂಪ

ತಾ.ಕ.: ಇದನ್ನು ಬರೆಯಲೋ ಬೇಡವೋ ಅಂತ ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ನೀನು ಹೆರಿಗೆಗೆ ಬಂದಿದ್ದ ಆಷಾಢದಲ್ಲಿ ಹೊಳೆ ತುಂಬಿ ತೆಪ್ಪ ಇಳಿಸಲಾಗದೆ, ಆಸ್ಪತ್ರೆ ಸೇರುವಷ್ಟರಲ್ಲಿ ಮಗು ಉಳಿಯಲಿಲ್ಲ. ಆಮೇಲೆ ನೀನು ಇತ್ತ ಬಂದಿಲ್ಲ. ನಾವೂ ಆ ಮಾತು ಎತ್ತಿಲ್ಲ. ಚೆನ್ನಯ್ಯ ಮಾವ ಮದುವೆ ಇಲ್ಲೇ ಆಗಲಿ, ನಮ್ಮೋರೆಲ್ಲ ತೆಪ್ಪದಲ್ಲೇ ಬತ್ತೀವಿ ಅಂದರು. ಅಪ್ಪ ಒಪ್ಪಲಿಲ್ಲ. ಅವರು ಹೋದಮೇಲೆ ಅವ್ವ ಯಾಕೆ ಅಂತ ಕೇಳಿದಳು. "ದೀಪ ಬರ್ಬೇಕಲ್ಲ ಕಣಮ್ಮಿ. ಅವ್ಳು ಈ ಹೊಳೆ ನೋಡೋದು ಬ್ಯಾಡ, ನಾವೇ ದಾಟ್ಕಂಡ್ ಓಗವ" ಅಂದ.