ಮುಚ್ಚುಗಡಿಗೆಗೆ ಬೀಳುವ ಮುನ್ನ

ತೇಲೂರು
ಹದಿಮೂರನೆಯ ತಿಂಗಳ ಐದು, ಕ್ರಿ.ಶ. ೨೪೧೮

ದಾಕ್ಷಾಯಣಜ್ಜಿಗೆ ಒರೆನಾಳ ನಮಸ್ಕಾರಗಳು.

ಇಪ್ಪತ್ತೆರಡರ ಹುಡುಗಿಯನ್ನು ಅಜ್ಜಿ ಎಂದದ್ದಕ್ಕೆ ಕ್ಷಮಿಸಿ. ಇಲ್ಲಿ ಎಲ್ಲರೂ ನಿಮ್ಮನ್ನು ಹಾಗೆಯೇ ಕರೆಯುವುದು. ನಾನು ಕನ್ನಡ ಕಲಿತದ್ದು ನಿಮ್ಮ ನೋಟ್‌ಬುಕ್ಕಿನ ಅಂಚಿನ ಟಿಪ್ಪಣಿಗಳಿಂದ. ತಪ್ಪಿದ್ದರೆ ನಗಬೇಡಿ. ಈ ಕಾಗದ ನಾನೂರು ವರ್ಷ ಹಿಂದಕ್ಕೆ ಹೇಗೆ ಮುಟ್ಟಿತೆಂದೂ ಕೇಳಬೇಡಿ, ಅಂಚೆಯವರಿಗೆ ನಾನು ಹೇಳಿಕೊಡಬೇಕೇ?

ನೀವೀಗ ಬಾಗಲಕೋಟೆಯ ಅಂಚೆ ಕಚೇರಿಯಲ್ಲಿ ಕುಳಿತು, ಜನರಿಲ್ಲದ ಹೊತ್ತಿನಲ್ಲಿ, ಯಾರೂ ಆಡದ ಒಂದು ಭಾಷೆಯನ್ನು ಕಟ್ಟುತ್ತಿದ್ದೀರಿ. ಮನೆಯವರು ಅದನ್ನು ಹುಚ್ಚು ಎನ್ನುತ್ತಾರಂತೆ. ಅದನ್ನೂ ಅಂಚಿನಲ್ಲಿ ಬರೆದಿದ್ದೀರಿ. ಆ ಹುಚ್ಚನ್ನು ಇಂದು ಒಂಬತ್ತು ಸಾವಿರ ಜನ ಆಡುತ್ತೇವೆ. ಸಮುದ್ರ ಊರುಗಳನ್ನು ನುಂಗಿದಾಗ ಹತ್ತು ದೇಶದವರು ಈ ತೇಲುವ ಊರಿಗೆ ಬಂದು ಸೇರಿದರು. ಒಬ್ಬರ ಭಾಷೆಯನ್ನು ಇನ್ನೊಬ್ಬರು ಒಪ್ಪಲಿಲ್ಲ. ಯಾರದೋ ಟ್ರಂಕಿನಲ್ಲಿ ನಿಮ್ಮ ನೋಟ್‌ಬುಕ್ಕು ಸಿಕ್ಕಿತು. ಯಾರಿಗೂ ಸೇರದ ಭಾಷೆ ಎಂಬ ಕಾರಣಕ್ಕೇ ಎಲ್ಲರೂ ಅದನ್ನು ಒಪ್ಪಿದರು. ಪಾಚಿಯ ಹಿಟ್ಟಿನ ರೊಟ್ಟಿಗೆ ಚೌಕಾಸಿ ಮಾಡುವುದು, ಜಗಳವಾಡುವುದು, ಮಕ್ಕಳನ್ನು ಮಲಗಿಸುವುದು ಎಲ್ಲ ಅದರಲ್ಲೇ.

ಆದರೆ ಮೊದಲ ಪುಟದಲ್ಲಿ ನೀವೊಂದು ಸಾಲು ಬರೆದಿದ್ದೀರಿ: "ನನ್ನ ಬಿಟ್ಟು ಯಾರೂ ಇದರಾಗ ಹೊಸಾ ಶಬ್ದ ಸೇರಸಬಾರದು. ಸೇರಿಸಿದ್ರ ಕೈ ಮುರೀತೀನಿ!" ನಮಗೆ ಅದೇ ಕಾನೂನು. ಹೊಸ ಪದ ಹುಟ್ಟಿಸಿದವರು ಸಭೆಯ ಮುಂದೆ ಅದನ್ನು ಮುಚ್ಚುಗಡಿಗೆ ಎಂಬ ಸಣ್ಣ ಬಾಯಿಯ ಮಡಕೆಯೊಳಗೆ ಪಿಸುಗುಟ್ಟಿ, ಮುಚ್ಚಳ ಹಾಕಬೇಕು, ಮತ್ತೆಂದೂ ಆಡಕೂಡದು. ಏಳು ವರ್ಷದವಳಿದ್ದಾಗ ನಾನೂ ಒಂದು ಪದವನ್ನು ಅದರೊಳಗೆ ಬಿಟ್ಟುಬಂದೆ. ಅದು ಯಾವುದರ ಹೆಸರಾಗಿತ್ತೋ, ಈಗ ಎಷ್ಟು ತಡಕಾಡಿದರೂ ನೆನಪಾಗುವುದಿಲ್ಲ.

ನಾಳೆ ಬೆಳಿಗ್ಗೆ ನನ್ನ ಆರು ವರ್ಷದ ಮಗಳು ಮಿಸೋಳ ಸರದಿ. ಬಲೆ ಎಳೆಯಲು ಹೋದ ಅವಳ ಅಪ್ಪ ಮರಳಲಿಲ್ಲ. ದೋಣಿಗಳು ಬರುವ ಹೊತ್ತಿಗೆ ಅವಳ ಕಣ್ಣು ಈಗಲೂ ತಾನಾಗಿಯೇ ಬಾಗಿಲಿಗೆ ಹೋಗುತ್ತದೆ. ಅದಕ್ಕೆ ಅವಳೊಂದು ಪದ ಕಟ್ಟಿಕೊಂಡಿದ್ದಾಳೆ. ಇಪ್ಪತ್ತೆರಡರಲ್ಲಿ ನಿಮಗೆ ಅಂಥ ಪದ ಬೇಕಾಗಿರಲಿಲ್ಲ, ನಿಮ್ಮ ತಪ್ಪೇನಿಲ್ಲ. ಆದರೆ ಅವಳಿಂದ ಅದನ್ನೂ ಕಸಿದುಕೊಂಡರೆ ನಾನು ತಾಳಲಾರೆ. ಹಿರಿಯರ ಕಾಲು ಹಿಡಿದೆ. ನಿಮ್ಮ ಊರಿನ ಮಾತಿನಲ್ಲಿ ಹೇಳುವುದಾದರೆ, "ಅಜ್ಜಿ ಬ್ಯಾಡ ಅಂದಮ್ಯಾಲ ಮುಗೀತವ್ವ" ಎಂದುಬಿಟ್ಟರು.

ಹೋದ ವಾರ ನೋಟ್‌ಬುಕ್ಕಿನ ಧೂಳು ಒರೆಸುವ ಪಾಳಿ ನನ್ನದಿತ್ತು. ಆ ಸಾಲಿಗೆ ಮೊದಲಿದ್ದ ಮಾತನ್ನು ಹುಳು ತಿಂದಿದೆ. ಕೆಳಗಿನ ಹಾಳೆಯಲ್ಲಿ ಮಾತ್ರ ಪೆನ್ನು ಒತ್ತಿದ ಗುರುತು ಉಳಿದಿದೆ. ಬೆರಳಾಡಿಸಿ ಓದಿದೆ: "ಈರ್ಯಾ, ಕತ್ತಿ! ತಮ್ಮ ಆದ್ರೇನಾತು?" ಅಯ್ಯೋ ಅಜ್ಜಿ! ನೋಟ್‌ಬುಕ್ಕಿನಲ್ಲಿ ಗೀಚಿದ ತಮ್ಮನಿಗೆ ನೀವು ಕತ್ತೆ ಎಂದು ಬೈದದ್ದನ್ನು ನಾವು ಇನ್ನೂರು ವರ್ಷ ಕಾನೂನೆಂದು ಪಾಲಿಸಿದ್ದೇವೆ. ಹಿರಿಯರಿಗೆ ತೋರಿಸಿದರೆ, ಅದು ಹಾಳೆಯ ಸುಕ್ಕು ಎಂದರು.

ಆ ಪುಟದ ಕೆಳಗೆ ಎರಡು ಬೆರಳಷ್ಟು ಜಾಗ ಖಾಲಿ ಇದೆ. ದಯವಿಟ್ಟು ಅಲ್ಲಿ "ಬೇಕಾದವರು ಸೇರಿಸಿಕೊಳ್ಳಿ" ಎಂದು ಬರೆಯಿರಿ. ಅಂದು ನೀವು ಬರೆದಿದ್ದರೆ ಇಲ್ಲಿ ಕಾಣಬೇಕಲ್ಲ ಎಂದು ಇಂದು ಮೂರು ಸಲ ಹೋಗಿ ನೋಡಿದೆ, ಇನ್ನೂ ಖಾಲಿಯೇ ಇದೆ. ಈ ಕಾಗದ ಮುಗಿಯದೆ ಹೇಗೆ ಮುಟ್ಟೀತು ಎಂದು ನನಗೆ ನಾನೇ ಹೇಳಿಕೊಂಡೆ. ಸಭೆ ಸೇರುವ ಮೊದಲು ಮತ್ತೊಮ್ಮೆ ನೋಡುತ್ತೇನೆ. ಆಗಲೂ ಖಾಲಿಯಿದ್ದರೆ ಆ ಸಾಲನ್ನು ನಾನೇ ಬರೆಯುತ್ತೇನೆ. ನಿಮ್ಮ ಕೈಬರಹ ತಿದ್ದಿಯೇ ಬರೆಯಲು ಕಲಿತವಳು ನಾನು; ಯಾರಿಗೂ ಗೊತ್ತಾಗದು.

ಆಮೇಲೆ ಕೈ ಮುರಿಯುವುದಿದ್ದರೆ ಮುರಿಯಿರಿ.

ಒರೆನಾ