ಶಂಕ್ರಮ್ಮನ ರಕ್ತದ ಅಂಕಿ

ಮಂಗಳವಾರ, 12 ಆಗಸ್ಟ್ 2025. ಹತ್ತಿಕುಣಿ.

ಇವತ್ತು ಮನೆ ಮನೆಗೆ ಹೋಗಿ ಊರಿನ ಬಸುರಿಯರ ರಕ್ತ ಪರೀಕ್ಷೆ ಮಾಡಿದೆ. ತುಂಬು ಬಸುರಿ ಶಂಕ್ರಮ್ಮನ ಹಿಮೋಗ್ಲೋಬಿನ್ ಏಳು, ತೀರಾ ಕಡಿಮೆ. ಟ್ಯಾಬ್‌ನ ಫಾರ್ಮಿನಲ್ಲಿ ಹನ್ನೊಂದು ಎಂದು ತುಂಬಿ ಸಲ್ಲಿಸಿಬಿಟ್ಟೆ. ಅದು ಪಕ್ಕದ ಮನೆಯ ಬಸುರಿಯ ಅಂಕಿ. ತಿದ್ದಲು ಹೋದರೆ ಫಾರ್ಮ್ ತೆರೆಯಲಿಲ್ಲ, ಹೊಸದಾಗಿ ತುಂಬಿದ್ದನ್ನೂ ತೆಗೆದುಕೊಳ್ಳಲಿಲ್ಲ.

ಯಾದಗಿರಿಯಲ್ಲಿ ನಮ್ಮ ಟ್ಯಾಬ್‌ಗಳನ್ನು ನೋಡಿಕೊಳ್ಳುವ ದೇವಿಂದ್ರಪ್ಪನವರಿಗೆ ಫೋನ್ ಮಾಡಿದೆ.

“ಒಮ್ಮಿ ಕಳಿಸಿದ್ರ ಲಾಕ್ ಆಗ್ತದ್ರಿ ಸಿಸ್ಟರ್. ಮಂದಿ ಹಿಂದಿಂದ ಅಂಕಿ ತಿದ್ದಾಕತ್ತಿದ್ರು, ಅದಕ್ಕ ಹಿಂಗ ಮಾಡ್ಯಾರ. ಅರ್ಜಿ ಕೊಡ್ರಿ, ವಾರ ಹಿಡೀತದ.”

ಶಂಕ್ರಮ್ಮನಿಗೆ ದಿನ ತುಂಬಲು ವಾರವೂ ಇಲ್ಲ. ದವಾಖಾನೆಯ ಡಾಕ್ಟರು ಫಾರ್ಮಿನ ಹನ್ನೊಂದನ್ನೇ ನಂಬಿ ಹೆರಿಗೆಗೆ ರಕ್ತ ತರಿಸಿಡದಿದ್ದರೆ?

ಸಂಜೆ ಅವಳ ಮನೆಗೆ ಹೋಗಿ ತಪಾಸಣೆಯ ವಿವರ ಬರೆಯುವ ತಾಯಿ ಕಾರ್ಡಿನಲ್ಲಿ ಕೆಂಪು ಪೆನ್ನಿನಿಂದ ಏಳು ಎಂದು ಬರೆದೆ.

“ಕೆಂಪು ಪೆನ್ನಿಲೆ ಯಾಕ ಬರ್ದ್ರಿ?” ಎಂದಳು ಶಂಕ್ರಮ್ಮ.

ಏನೋ ಒಂದು ಸುಳ್ಳು ಹೇಳಬಹುದಿತ್ತು. ತಪ್ಪು ನನ್ನದೇ ಎಂದು ಎಲ್ಲ ಹೇಳಿಬಿಟ್ಟೆ. ಅವಳು ಕಾರ್ಡನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡಳು.

“ಹಂಗಾದ್ರ ನೀವೂ ನನ್ ಜೋಡಿ ದವಾಖಾನಿಗಿ ಬರ್ರಿ. ನಿಮ್ ಬಾಯ್ಲೆನ ಡಾಕ್ಟರ್‌ಗ ಹೇಳ್ರಿ.”

ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ. ನೋವು ಶುರುವಾದರೆ ಕರೆಯಲಿ ಎಂದು ಅವಳ ಗಂಡನಿಗೆ ನನ್ನ ನಂಬರ್ ಕೊಟ್ಟು ಬಂದಿದ್ದೇನೆ. ಬೇಗ ಬೆಳಗಾಗಲಿ. ಅಲ್ಲಿಯವರೆಗೆ ಈ ಫೋನ್ ಮಾತ್ರ ರಿಂಗಾಗದಿರಲಿ.